ಐದನೇ ಜೇಬು

"ಸಾರ್, ಬೇಜಾರಿಗೆ ಯಾವ ಜೇಬು?"

ಹಿಂದಿನ ಬೆಂಚಿನಿಂದ ಬಂದ ಈ ಒಂದು ಪ್ರಶ್ನೆ ಹಂಗಾಮಿ ಮೇಷ್ಟ್ರ ದಿನವನ್ನು ಕೆಡಿಸಿತು. ದಿನವೊಂದು ಕೆಟ್ಟರೆ ಕೆಡಲಿ, ನಾಳೆ ಇನ್ನೊಂದು ಇದೆ ಎನ್ನಬಹುದಿತ್ತು. ಆದರೆ ಹತ್ತು ವರ್ಷ ಕಾದ ಮೇಲೆ ಮೇಷ್ಟ್ರ ಪಾಲಿಗೆ ಬಂದಿದ್ದದ್ದು ಆ ಒಂದೇ ದಿನ.

ಅವರು ಆ ಶಾಲೆಗೆ ಬಂದದ್ದು ಮೂರು ತಿಂಗಳಿಗೆಂದು. ಗಣಿತದ ಮೇಡಂ ಹೆರಿಗೆ ರಜೆ ಹಾಕಿದ್ದರು. ಆಕೆ ಬರುವ ತನಕ ಬೋರ್ಡು ಒರೆಸಿಕೊಂಡಿರಲಿ ಎಂದು ಇವರನ್ನು ಕರೆದುಕೊಂಡರು. ಆಕೆ ರಜೆಯ ಬಾಲಕ್ಕೆ ಇನ್ನೊಂದು ರಜೆ ಕಟ್ಟಿದರು. ಮೂರು ತಿಂಗಳು ಮೂರು ವರ್ಷವಾಯಿತು, ಮೂರು ಹತ್ತಾಯಿತು. ಯಾವ ಮಗುವಿನ ಹೆರಿಗೆಗೆಂದು ಇವರು ಬಂದರೋ ಆ ಮಗು ಈಗ ಎರಡು ಜಡೆ ಹಾಕಿಕೊಂಡು ಇವರದೇ ಐದನೇ ತರಗತಿಯ ಮೊದಲ ಬೆಂಚಿನಲ್ಲಿ ಕೂತು ಇವರು ಕಲಿಸಿದ ಭಾಗಾಕಾರ ಮಾಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅವಳಿಗೆ 'ರಜೆ ಪಾಪು' ಎಂದೇ ಹೆಸರು. ಅವಳು ಒಂದೊಂದು ಇಂಚು ಎತ್ತರವಾದಾಗಲೂ ಮೇಷ್ಟ್ರಿಗೆ ತಮ್ಮ ನೌಕರಿಯ ವಯಸ್ಸು ಎದುರಿಗೇ ಬಂದು ನಿಂತ ಹಾಗಾಗುತ್ತಿತ್ತು.

ನಿಯಮವೊಂದಿತ್ತು. ರಜೆ ಹಾಕಿದವರು ಹತ್ತನೇ ವರ್ಷದ ಕೊನೇ ದಿನ ಸಂಜೆ ನಾಲ್ಕರೊಳಗೆ ಬಂದು ಹಾಜರಾಗಬೇಕು. ಬಾರದಿದ್ದರೆ ಹುದ್ದೆ ಖಾಲಿ. ಆ ಕೊನೇ ದಿನ ಇವತ್ತು. ಗಣಿತದ ಮೇಡಂಗೆ ಬರೆದ ಎರಡು ಪತ್ರಕ್ಕೂ ಉತ್ತರ ಬಂದಿರಲಿಲ್ಲ. ಇವತ್ತೇ ಇಲಾಖೆಯ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಅವರು ನೋಡಿ ಮೆಚ್ಚಿ, ನಾಲ್ಕು ಹೊಡೆದ ಮೇಲೆ ಒಂದು ಸೈನ್ ಹಾಕಿದರೆ ಹಂಗಾಮಿ ಮೇಷ್ಟ್ರು ಬರೀ ಮೇಷ್ಟ್ರಾಗುತ್ತಿದ್ದರು.

ಬೆಳಿಗ್ಗೆ ಮನೆ ಬಿಡುವಾಗಲೇ ಹೆಂಡತಿ ಅಡ್ಡ ನಿಂತಿದ್ದಳು.

"ರೀ, ಅಂಗಿ ಬಿಚ್ಚಿ ಕೊಡಿ. ಜೇಬಿನ ತಳ ಹರಿದಿದೆ, ಎರಡು ಹೊಲಿಗೆ ಹಾಕ್ತೀನಿ."

"ಟೈಮಿಲ್ಲ ಕಣೇ. ಖಾಯಂ ಆಗ್ಲಿ, ಹೊಸ ಅಂಗೀನೇ ತಗೊಳ್ಳೋಣ."

"ಇದನ್ನ ಮದುವೇಲೂ ಕೇಳಿದ್ದೆ. ನಿಮ್ಮ ಹತ್ರ ಖಾಯಂ ಆಗಿರೋದು ಆ ತೂತೊಂದೇ."

ಒಳಗಿನಿಂದ ಪೇಪರಿನ ಹಿಂದೆ ಕೂತಿದ್ದ ಮಾವ ಕೆಮ್ಮಿದರು. ಮೇಷ್ಟ್ರು ಇದ್ದದ್ದು ಮಾವನ ಮನೆಯಲ್ಲಿ. ಮಾವ ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ. ದಿನಾ ಸಂಜೆ ಬಾಗಿಲಲ್ಲಿ "ಅಳಿಯಂದಿರೇ, ಆಯ್ತಾ?" ಎಂದು ಕೇಳುತ್ತಿದ್ದರು, ಅಷ್ಟೇ. ಹತ್ತು ವರ್ಷ ದಿನಾ ಕೇಳಿದರೆ ಒಳ್ಳೇ ಮಾತೂ ಚಪ್ಪಲಿಯ ಮೊಳೆಯ ಹಾಗೆ ಚುಚ್ಚುತ್ತದೆ.

ಶಾಲೆಗೆ ಬಂದವರನ್ನು ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯಸ್ಥೆ, ಸ್ಟೂಲು ಹತ್ತಿಸಿದರು.

"ಮೇಷ್ಟ್ರೇ, ನನ್ನ ರೂಮಿನ ಗಡಿಯಾರ ಐದು ನಿಮಿಷ ಮುಂದಿಡಿ. ಇವತ್ತೊಂದಿನ ಎಲ್ಲಾ ಬೇಗ ಬೇಗ ಆಗ್ಲಿ. ಯಾರಿಗೂ ಹೇಳಬೇಡಿ."

ಸೀಮೆಸುಣ್ಣಕ್ಕೆಂದು ಬಂದಿದ್ದ ರಜೆ ಪಾಪು ಸ್ಟೂಲು ಅಲ್ಲಾಡದ ಹಾಗೆ ಹಿಡಿದುಕೊಂಡಳು. ಮೇಷ್ಟ್ರು ಮುಳ್ಳು ತಿರುಗಿಸಿ ಇಳಿದರು. ಸೀಮೆಸುಣ್ಣದ ತುಂಡೊಂದನ್ನು ಜೇಬಿಗೆ ಹಾಕಿಕೊಂಡರು. ಅದು ನೇರವಾಗಿ ನೆಲಕ್ಕೆ ಬಿತ್ತು.

ತರಗತಿಯ ಗೋಡೆಯ ಮೇಲೆ ಹಳೇ ಪರದೆಯ ಬಟ್ಟೆ ತೂಗುತ್ತಿತ್ತು. ಅದಕ್ಕೆ ಹೊಲಿಗೆ ಮೇಡಂ ನಾಲ್ಕು ಜೇಬು ಹೊಲಿದಿದ್ದರು: ಸಂತೋಷ, ದುಃಖ, ಕೋಪ, ಭಯ. ಮಕ್ಕಳು ಮನಸ್ಸಿನಲ್ಲಿದ್ದುದನ್ನು ಹೊರಗೆ ಹೇಳಲು ಕಲಿಯಬೇಕು, ಅದಕ್ಕಾಗಿ ತಮ್ಮ ಹೆಸರಿನ ಚೀಟಿಯನ್ನು ತಕ್ಕ ಜೇಬಿಗೆ ಹಾಕಬೇಕು, ಗುಮಾಸ್ತರು ಅದನ್ನು ಎಣಿಸಿ ನಾಲ್ಕು ಕಾಲಮ್ಮಿನಲ್ಲಿ ಬರೆಯಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ದೊಡ್ಡ ಮೇಡಂ ಮೂರು ದಿನದಿಂದ ಮಕ್ಕಳಿಗೆ ಸಂತೋಷದ ಅಭ್ಯಾಸ ಮಾಡಿಸಿದ್ದರು. 'ಒಂದು' ಅಂದರೆ ತುಟಿ ಅಗಲಿಸಬೇಕು, 'ಎರಡು' ಅಂದರೆ ಹಲ್ಲು ಕಾಣಬೇಕು.

ಮೂವತ್ತೆಂಟು ಮಕ್ಕಳಲ್ಲಿ ಮೂರು ಮಕ್ಕಳು ಸಂತೋಷಕ್ಕೆ ಹಾಕಿದರು. ಎರಡು ಕೋಪಕ್ಕೆ. ಒಂದು ಭಯಕ್ಕೆ. ಆಮೇಲೆ ಹಿಂದಿನ ಬೆಂಚಿನ ಹುಡುಗ ಚೀಟಿ ಹಿಡಿದು ನಿಂತು ಆ ಪ್ರಶ್ನೆ ಕೇಳಿದ.

"ಬೇಜಾರು ಅಂದ್ರೆ ದುಃಖ ಅಲ್ವೇನೋ? ಅದಕ್ಕೆ ಹಾಕು," ಎಂದರು ಮೇಷ್ಟ್ರು.

"ದುಃಖ ಅಂದ್ರೆ ಅಳು ಬರಬೇಕು ಸಾರ್. ನಂಗೆ ಅಳು ಬರ್ತಿಲ್ಲ. ಸುಮ್ನೆ ಬೇಜಾರು."

"ನಂಗೂ ಬೇಜಾರು ಸಾರ್." "ನಂಗೂ." "ಸಾರ್, ನಂಗೆ ನಿನ್ನೆಯಿಂದ."

ಬೆಂಕಿ ಬಿದ್ದ ಹುಲ್ಲಿನ ಹಾಗೆ ಬೇಜಾರು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಎಣಿಸಿದರೆ ಮೂವತ್ತೆರಡು.

ಬಾಗಿಲಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದ ಗುಮಾಸ್ತರ ಮುಖ ಬಿಳಿಚಿಕೊಂಡಿತು. "ಮೇಷ್ಟ್ರೇ, ನನ್ನ ಹತ್ರ ಇರೋದು ನಾಲ್ಕೇ ಕಾಲಂ. ಐದನೇದು ಬೇಕು ಅಂದ್ರೆ ಮೇಲಿಂದ ಬರಬೇಕು. ಮಕ್ಕಳಿಗೆ ಸ್ವಲ್ಪ ಹೇಳಿ, ಇರೋದರಲ್ಲೇ ಏನಾದ್ರೂ ಒಂದು ಅನ್ನಿಸಿಕೊಳ್ಳಲಿ."

ಗದ್ದಲ ಕೇಳಿ ಪಕ್ಕದ ಮೈದಾನದಿಂದ ಡ್ರಿಲ್ ಮೇಷ್ಟ್ರು ಕಿಟಕಿಯೊಳಗೆ ತಲೆ ತೂರಿಸಿದರು. "ಬೇಜಾರಾ? ನನ್ನ ಕೈಗೆ ಕೊಡಿ. ನಾಲ್ಕು ಸುತ್ತು ಓಡಿಸ್ತೀನಿ, ಎಲ್ಲಾ ಇಳಿದುಹೋಗುತ್ತೆ." ಹೇಳಿದ್ದಷ್ಟೇ ಅಲ್ಲ, ಓಡಿಸಿಯೂ ಓಡಿಸಿದರು. ಹತ್ತು ನಿಮಿಷ ಬಿಟ್ಟು ಮೂವತ್ತೆಂಟು ಮಕ್ಕಳೂ ಏದುಸಿರು ಬಿಡುತ್ತಾ ಒಳಗೆ ಬಂದರು. ಬೇಜಾರಿನ ಜೊತೆಗೆ ಸುಸ್ತೂ ಸೇರಿತ್ತು. ಅದಕ್ಕೂ ಜೇಬಿರಲಿಲ್ಲ.

ದೊಡ್ಡ ಮೇಡಂ ಓಡಿ ಬಂದರು.

"ಬೇಜಾರು ಅಂತ ಸಾಹೇಬರ ಕಣ್ಣಿಗೆ ಬಿದ್ರೆ ನಿಮ್ಮ ಪಾಠ ಬೇಜಾರು ಅಂತ ಬರೀತಾರೆ. ನಿಮ್ಮ ಖಾಯಂ ಅಲ್ಲಿಗೆ ಮುಗೀತು."

"ದುಃಖಕ್ಕೆ ಹಾಕಿಸಿದ್ರೆ ಹೇಗೆ ಮೇಡಂ?"

"ಮೂವತ್ತೆರಡು ದುಃಖಾನಾ! ಇದೇನು ಸ್ಕೂಲಾ ಸ್ಮಶಾನಾನಾ ಅಂತ ನನ್ನ ಕೇಳ್ತಾರೆ. ಎಲ್ಲಾ ಸಂತೋಷಕ್ಕೆ ತುಂಬಿ, ಮೇಷ್ಟ್ರೇ. ಬೇಜಾರ್ ಮಾಡ್ಕೋಬೇಡಿ, ನಿಮ್ಮ ಒಳ್ಳೇದಕ್ಕೇ ಹೇಳೋದು."

ಬೇಜಾರು ಮಾಡಿಕೊಳ್ಳಲು ಮೇಷ್ಟ್ರಿಗೆ ಪುರುಸೊತ್ತೆಲ್ಲಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಹಾಕುತ್ತಾ ನಿಂತರು. ಲೆಕ್ಕದ ಮೇಷ್ಟ್ರಲ್ಲವೇ, ಲೆಕ್ಕದ ದಾರಿಯೇ ಹೊಳೆಯಿತು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: 'ಬೇಜಾರನ್ನು ಬಿಡಿಸಿ ಬರೆಯಿರಿ.'

"ಲೆಕ್ಕ ಬಿಡಿಸ್ತೀರಲ್ಲ, ಹಾಗೇ. ನಿಮ್ಮ ಬೇಜಾರಿನ ಒಳಗೆ ಏನೇನಿದೆ ಅಂತ ಚೀಟಿಯ ಹಿಂದೆ ಬರೀರಿ. ಕೋಪ ಸಿಕ್ಕಿದ್ರೆ ಕೋಪಕ್ಕೆ, ಭಯ ಸಿಕ್ಕಿದ್ರೆ ಭಯಕ್ಕೆ. ಹೆಸರು ಬೇಡ ಅನ್ನೋರು ಹೆಸರು ಹೊಡೆದುಹಾಕಿ."

ಅರ್ಧ ಗಂಟೆ ತರಗತಿಯಲ್ಲಿ ಪೆನ್ಸಿಲಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮೇಷ್ಟ್ರ ಹತ್ತು ವರ್ಷದಲ್ಲಿ ಯಾವ ಭಾಗಾಕಾರಕ್ಕೂ ಯಾವ ಮಕ್ಕಳೂ ಹಾಗೆ ತಲೆ ತಗ್ಗಿಸಿರಲಿಲ್ಲ. ಮೇಷ್ಟ್ರು ಚೀಟಿಗಳನ್ನು ಓದುತ್ತಾ ಹೋದರು. ಓದಿದಷ್ಟೂ ತೊಡಕಾಯಿತು. ಒಂದರಲ್ಲಿ ಕೋಪದ ಒಳಗೆ ಭಯ, ಇನ್ನೊಂದರಲ್ಲಿ ದುಃಖಕ್ಕೆ ಕೋಪದ ಸಿಪ್ಪೆ. ಎಷ್ಟು ಬಿಡಿಸಿದರೂ ಕೊನೆಗೆ ಶೇಷ ಉಳಿಯುತ್ತಿತ್ತು. ಉಳಿದ ಶೇಷಕ್ಕೆ ಹೆಸರಿಡಲು ಹೋದರೆ, ಮತ್ತೆ ಬೇಜಾರೇ.

ಊಟದ ಗಂಟೆ ಹೊಡೆಯಿತು. ರಜೆ ಪಾಪು ಮಾತ್ರ ಏಳಲಿಲ್ಲ. ಚೀಟಿ ನಾಲ್ಕು ಮಡಿಕೆಯಾಗಿ ಅವಳ ಮುಷ್ಟಿಯಲ್ಲಿತ್ತು.

"ಕೊಡಮ್ಮ."

"ಇದು ನಂದಲ್ಲ ಸಾರ್. ಅಮ್ಮಂದು."

"ಅಮ್ಮನ ಬೇಜಾರು ನೀನು ಬರೆದ್ಯಾ?"

"ಅಮ್ಮ ಬರೆಯಲ್ಲ ಸಾರ್. ಅವರಿಗೆ ಯಾರೂ ಚೀಟಿ ಕೊಟ್ಟಿಲ್ಲ."

ಮೇಷ್ಟ್ರ ಮನಸ್ಸು ಕರಗಿತು. ಒಳ್ಳೆಯ ಮನುಷ್ಯನಿಗೆ ಮನಸ್ಸು ಕರಗಿದಾಗ ಬುದ್ಧಿಯೂ ಜೊತೆಗೇ ಕರಗುತ್ತದೆ. "ಹಾಗಾದ್ರೆ ಇದು ಇಲ್ಲಿ ಯಾಕೆ? ಹೋಗಿ ಅಮ್ಮಂಗೇ ಕೊಡು. ಮನೆ ಈ ಗೋಡೆ ಹಿಂದೇನೇ ತಾನೆ? ಮನಸ್ಸಲ್ಲಿರೋದನ್ನ ಹೇಳ್ಕೊಂಡ್ರೆ ಅರ್ಧ ಇಳಿಯುತ್ತೆ ಅಂತ ಹೇಳು. ಓಡು, ಈಗಲೇ ಓಡು!"

ಜಡೆ ಹಾರಿಸಿಕೊಂಡು ಅವಳು ಓಡಿದಳು. ಅವಳ ಅಮ್ಮ ಯಾರೆಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ. ಆಕೆ ಎಷ್ಟು ವರ್ಷದಿಂದ ಕಾಗದದ ಮೇಲೆ ಮಾತ್ರ ಇದ್ದರೆಂದರೆ, ಆಕೆಗೂ ಮನೆ, ಕಿಟಕಿ, ಬೇಜಾರು ಇರಬಹುದೆಂದು ಶಾಲೆಯಲ್ಲಿ ಯಾರಿಗೂ ತೋಚಿರಲಿಲ್ಲ.

ಮೂರು ಗಂಟೆಗೆ ಸಾಹೇಬರು ಬಂದರು. ದೊಡ್ಡ ಮೇಡಂ ಅದಕ್ಕೆ ಮೊದಲೇ ಬಂದು, ಮೇಜಿನ ಮೇಲಿದ್ದ ಮೂವತ್ತೊಂದು ಬೇಜಾರುಗಳನ್ನೂ ಸಂತೋಷದ ಜೇಬಿಗೆ ಗಿಡಿದು ತುಂಬಿದ್ದರು. ಮದುವೆ ಊಟ ಮುಗಿಸಿದವನ ಹೊಟ್ಟೆಯ ಹಾಗೆ ಜೇಬು ಉಬ್ಬಿತ್ತು.

"ನಮಸ್ಕಾರ ಸಾರ್!" ಮಕ್ಕಳು ಎದ್ದು ನಿಂತರು.

"ಒಂದು," ಎಂದರು ದೊಡ್ಡ ಮೇಡಂ ಪಿಸುದನಿಯಲ್ಲಿ. ತುಟಿಗಳು ಅಗಲವಾದವು. "ಎರಡು." ಹಲ್ಲು ಕಂಡವು.

ಅಷ್ಟು ಹಲ್ಲು ಒಟ್ಟಿಗೇ ಕಂಡು ಸಾಹೇಬರು ಒಂದು ಹೆಜ್ಜೆ ಹಿಂದಿಟ್ಟರು. ಅವರ ಭುಜ ಗೋಡೆಯ ಬಟ್ಟೆಗೆ ತಗುಲಿತು. ಸಂತೋಷದ ಹೊಲಿಗೆ ಪರ್ ಎಂದು ಬಿಟ್ಟುಕೊಂಡು, ಅದರೊಳಗಿದ್ದ ಬೇಜಾರೆಲ್ಲ ಸಾಹೇಬರ ಬೂಟಿನ ಮೇಲೆ ಸುರಿಯಿತು.

ದೊಡ್ಡ ಮೇಡಂ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಗೋಡೆ ಹಿಡಿದುಕೊಂಡರು. ಸಾಹೇಬರು ಬಗ್ಗಿ ಒಂದು ಚೀಟಿ ಎತ್ತಿ ಜೋರಾಗಿ ಓದಿದರು.

"'ನನ್ನ ಗೆಳೆಯ ಬೇರೆ ಬೆಂಚಿಗೆ ಹೋದ. ಜಗಳ ಆಗಿಲ್ಲ. ಆಗಿದ್ದರೆ ರಾಜಿ ಆಗಬಹುದಿತ್ತು.'"

ಇನ್ನೊಂದು ಎತ್ತಿದರು. "'ಅಪ್ಪ ಬಂದ ಕೂಡಲೇ ತಮ್ಮನನ್ನು ಎತ್ತಿಕೊಳ್ಳುತ್ತಾರೆ. ನಾನು ದೊಡ್ಡವಳಂತೆ. ನನಗೂ ಹತ್ತೇ ವರ್ಷ.'"

ಮೂರನೆಯದನ್ನು ಓದುವಾಗ ಅವರ ದನಿ ಬೇರೆಯಾಯಿತು. "'ಸಾಹೇಬರು ಬರುತ್ತಾರೆಂದು ಮೂರು ದಿನದಿಂದ ನಗಿಸುತ್ತಿದ್ದಾರೆ. ಕೆನ್ನೆ ನೋಯುತ್ತದೆ.'"

ಸಾಹೇಬರು ತಲೆ ಎತ್ತಿದರು.

"ಇದನ್ನ ಬರೆಸಿದ್ದು ಯಾರು?"

ಎಲ್ಲರ ಬೆರಳೂ ಒಟ್ಟಿಗೇ ಮೇಷ್ಟ್ರ ಕಡೆ ತಿರುಗಿತು. ಬೈಗುಳ ಹಂಚುವಾಗ ಆ ಶಾಲೆಯವರು ಬಹಳ ಧಾರಾಳಿಗಳು.

"ನಾನು ಇಪ್ಪತ್ತು ವರ್ಷದಿಂದ ಸ್ಕೂಲು ನೋಡ್ತಿದ್ದೀನಿ," ಎಂದರು ಸಾಹೇಬರು. "ಎಲ್ಲಾ ಕಡೆ ಸಂತೋಷ ನೂರಕ್ಕೆ ನೂರು. ನಿಜ ಹೇಳಿದ್ದು ಇದೊಂದೇ ಕ್ಲಾಸು. ಬೇಜಾರಿಗೆ ಯಾಕ್ರೀ ಜೇಬಿಲ್ಲ?"

"ಮೇಲಿಂದ ಬಂದಿಲ್ಲ ಸಾರ್," ಎಂದರು ಗುಮಾಸ್ತರು.

"ಮೇಲಿರೋನು ನಾನೇ ಅಲ್ವೇನ್ರೀ? ಈಗ ಬಂದಿದ್ದೀನಲ್ಲ. ಹೊಲೀರಿ ಐದನೇದು."

ಹೊಲಿಗೆ ಮೇಡಂ ಸೂಜಿ ದಾರ ತಂದರು. ಬಟ್ಟೆ ಇರಲಿಲ್ಲ. ಕೋಣೆಯ ಸುತ್ತ ಕಣ್ಣಾಡಿಸಿದರು. ಆ ಕಣ್ಣು ಮೇಷ್ಟ್ರ ಎದೆಯ ಮೇಲೆ ಬಂದು ನಿಂತಿತು.

"ಮೇಷ್ಟ್ರೇ, ಹೇಗೂ ಹರಿದಿದೆ. ತಳಕ್ಕೆ ಎರಡು ಹೊಲಿಗೆ ಹಾಕಿದ್ರೆ ರೆಡಿಮೇಡ್ ಜೇಬು!"

ಆ ಹೊತ್ತಿಗೆ ಕೇಳಿದ್ದರೆ ಮೇಷ್ಟ್ರು ಅಂಗಿಯನ್ನೇ ಬಿಚ್ಚಿ ಕೊಡುತ್ತಿದ್ದರು. ಕತ್ತರಿ ನಾಲ್ಕು ಸಲ ಕಚ್ ಎಂದಿತು. ಐದೇ ನಿಮಿಷದಲ್ಲಿ ಬಿಟ್ಟುಕೊಂಡ ಸಂತೋಷಕ್ಕೂ ಹೊಲಿಗೆ ಬಿತ್ತು, ಅವರ ಜೇಬು ಗೋಡೆಗೆ ಹೋಯಿತು, ಅದರ ಮೇಲೆ 'ಬೇಜಾರು' ಎಂಬ ಹೆಸರು ಬಂತು. ಮೂವತ್ತೊಂದು ಚೀಟಿಗಳು ಹಕ್ಕಿಗಳು ಗೂಡಿಗೆ ಸೇರುವಂತೆ ಅದರೊಳಗೆ ಸೇರಿದವು. ಸಾಹೇಬರು ರಿಜಿಸ್ಟರಿನಲ್ಲಿ ತಮ್ಮ ಕೈಯಾರೆ ಐದನೇ ಕಾಲಂ ಎಳೆದು, 'ಇದು ಖಾಯಂ' ಎಂದು ಬರೆದು ಸೈನ್ ಹಾಕಿದರು.

"ಸಾರ್, ನಿಮ್ಮ ಚೀಟಿ?" ಎಂದ ಹಿಂದಿನ ಬೆಂಚಿನ ಹುಡುಗ.

"ನಂಗೆ ಟೈಮಿಲ್ಲ ಮರಿ."

"ಅದಕ್ಕೂ ಜೇಬಿಲ್ಲ ಸಾರ್."

ಸಾಹೇಬರು ನಕ್ಕರು. ಒಂದು, ಎರಡು ಎಂದು ಯಾರೂ ಹೇಳಬೇಕಾಗಲಿಲ್ಲ.

ಎಲ್ಲರೂ ದೊಡ್ಡ ಮೇಡಂ ಕೋಣೆಗೆ ಬಂದರು. ಮೇಜಿನ ಮೇಲೆ ಮೇಷ್ಟ್ರ ಖಾಯಂ ಆದೇಶ ಸಿದ್ಧವಾಗಿತ್ತು. ಗಡಿಯಾರದ ಮುಳ್ಳು ನಾಲ್ಕು ಮುಟ್ಟಿತು. ಅದರಿಂದಾಚೆ ಸರಿಯಿತು. ಗುಮಾಸ್ತರು, "ನಾಲ್ಕು ಎರಡು. ಹುದ್ದೆ ಖಾಲಿ ಸಾರ್," ಎಂದು ಹೆಣ ನೋಡಿದ ವೈದ್ಯರ ಹಾಗೆ ಸಾರಿದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರು ಮನಸ್ಸಿನಲ್ಲೇ ಮಾವನ ಬಾಗಿಲು ತಟ್ಟಿದರು.

ತಟ್ಟಿದ ಸದ್ದು ನಿಜವಾಗಿಯೂ ಕೇಳಿಸಿತು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಇಸ್ತ್ರಿಯ ಗೆರೆ ಇನ್ನೂ ಬಿಸಿಯಿದ್ದ ಬಟ್ಟೆ, ಏದುಸಿರು, ಒಂದು ಕೈಯಲ್ಲಿ ಕಾಗದ. ಇನ್ನೊಂದು ಕೈ ಹಿಡಿದು ನಿಂತಿದ್ದವಳು ರಜೆ ಪಾಪು.

"ಹಾಜರಾಗೋಕೆ ಬಂದೆ ಮೇಡಂ," ಎಂದರು ಆಕೆ. "ಬರಬಾರದು ಅಂತಿದ್ದೆ. ಹತ್ತು ವರ್ಷ ಆಯ್ತು, ಇನ್ನು ನನ್ನ ಕೈಲಿ ಆಗಲ್ಲ, ಯಾರಿಗೂ ಬೇಕಾಗಿಲ್ಲ ಅಂದ್ಕೊಂಡಿದ್ದೆ. ಮಧ್ಯಾಹ್ನ ಇವಳು ಈ ಚೀಟಿ ತಂದ್ಲು."

ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ರಜೆ ಪಾಪುವಿನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಶಾಲೆಯ ಗಂಟೆ ಹೊಡೆದಾಗಲೆಲ್ಲ ಅಮ್ಮ ಒಲೆ ಸಣ್ಣ ಮಾಡಿ ಕಿಟಕಿಗೆ ಬರುತ್ತಾಳೆ. ನಾನು ನೋಡಿದರೆ ಮಳೆ ಬರುತ್ತಾ ನೋಡ್ತಿದ್ದೆ ಅನ್ನುತ್ತಾಳೆ. ಮಳೆಗಾಲ ಅಲ್ಲದಿದ್ದಾಗಲೂ.'

"ಇದನ್ನ ಬರೆಸಿದ ಮೇಷ್ಟ್ರು ಯಾರು? ಮೊದಲು ಅವರಿಗೆ ಒಂದು ನಮಸ್ಕಾರ ಮಾಡಬೇಕು."

ಈ ಸಲ ಯಾರೂ ಬೆರಳು ತೋರಿಸಲಿಲ್ಲ.

"ನಾಲ್ಕು ದಾಟಿದೆಯಮ್ಮ," ಎಂದರು ಗುಮಾಸ್ತರು ಗಡಿಯಾರ ತೋರಿಸುತ್ತಾ. "ಎರಡು ನಿಮಿಷ."

ಆಕೆಯ ಭುಜ ಇಳಿಯಿತು. ಸಾಹೇಬರು ಗಡಿಯಾರ ನೋಡಿದರು, ವಾಚಿಲ್ಲದ ತಮ್ಮ ಕೈ ನೋಡಿಕೊಂಡರು. "ಇದು ಸರಿಯಾಗಿದೆ ತಾನೆ?"

ದೊಡ್ಡ ಮೇಡಂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಬಾಯಿ ತೆರೆದರು. ಏನು ಹೇಳಲು ತೆರೆದರೋ ಅವರಿಗೂ ಗೊತ್ತಿರಲಿಲ್ಲ, ಮುಂದೆಯೂ ಗೊತ್ತಾಗಲಿಲ್ಲ. ಯಾಕೆಂದರೆ ಅವರಿಗಿಂತ ಮೊದಲು ರಜೆ ಪಾಪು ಬಾಯಿಬಿಟ್ಟಳು.

"ಅದು ಐದು ನಿಮಿಷ ಮುಂದಿದೆ ಸಾರ್. ನಮ್ಮ ಸಾರೇ ಬೆಳಿಗ್ಗೆ ತಿರುಗಿಸಿದ್ದು. ಸ್ಟೂಲು ನಾನೇ ಹಿಡ್ಕೊಂಡಿದ್ದೆ. ಅಲ್ವಾ ಸಾರ್?"

ಮನಸ್ಸಿನಲ್ಲಿದ್ದುದನ್ನು ಹೊರಗೆ ಹೇಳಬೇಕೆಂದು ಅವಳಿಗೆ ಕಲಿಸಿದವರು ಎದುರಿಗೇ ನಿಂತಿದ್ದರು. ಮೇಷ್ಟ್ರು ತಲೆಯಾಡಿಸಿದರು.

ಮುಚ್ಚಳ ತೆಗೆದ ಪೆನ್ನು ವ್ಯರ್ಥವಾಗಲಿಲ್ಲ. ಆಕೆಯ ಹಾಜರಿ ಪತ್ರಕ್ಕೆ ಸೈನ್ ಬಿತ್ತು. ಮೇಷ್ಟ್ರ ಆದೇಶವನ್ನು ಗುಮಾಸ್ತರು ಎರಡಾಗಿ ಹರಿದು, ಹಿಂಭಾಗ ಖಾಲಿಯಿದೆ, ಚೀಟಿಗೆ ಆಗುತ್ತದೆ ಎಂದು ಎತ್ತಿಟ್ಟುಕೊಂಡರು.

"ಇಂಥ ಮೇಷ್ಟ್ರು ನೂರು ಜನ ಬೇಕು ಕಣ್ರೀ," ಎಂದು ಸಾಹೇಬರು ಬೆನ್ನು ತಟ್ಟಿದರು. "ಇರೋದು ಒಂದೇ ಹುದ್ದೆ, ಏನ್ ಮಾಡೋದು? ಬೇಜಾರ್ ಮಾಡ್ಕೋಬೇಡಿ."

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ," ಎಂದರು ದೊಡ್ಡ ಮೇಡಂ.

"ನಿಮ್ಮ ಜಾಗಕ್ಕೆ ನಾನು ಬಂದೆ ಅಂತ ಬೇಜಾರ್ ಮಾಡ್ಕೋಬೇಡಿ ಅಣ್ಣಾ," ಎಂದರು ಗಣಿತದ ಮೇಡಂ. ಅವರ ಕಣ್ಣಲ್ಲಿ ನೀರಿತ್ತು. ಆ ಕೋಣೆಯಲ್ಲಿ ಆ ಮಾತನ್ನು ಮನಸಾರೆ ಹೇಳಿದ್ದು ಅವರೊಬ್ಬರೇ.

ಬೆಳಗಿನಿಂದ ಮೂವತ್ತೆರಡು ಮಕ್ಕಳಿಗೆ ಬೇಜಾರು ಹೇಳಿಕೊಳ್ಳಲು ಕಲಿಸಿದವರಿಗೆ ಸಂಜೆ ಸಿಕ್ಕ ಬುದ್ಧಿವಾದ ಇದೊಂದೇ.

ತಮ್ಮ ಕೊಡೆ ತರಲು ಮೇಷ್ಟ್ರು ತರಗತಿಗೆ ಹೋದರು. ರಜೆ ಪಾಪು ಹೊಸ ಚೀಟಿ ಬರೆದು ಸಂತೋಷದ ಜೇಬಿಗೆ ಹಾಕಿ ಹೋಗಿದ್ದಳು. ಕೋಣೆ ಖಾಲಿ. ಮೇಷ್ಟ್ರು ಒಂದು ಚೀಟಿಯಲ್ಲಿ ತಮ್ಮ ಹೆಸರು ಬರೆದು ಐದನೇ ಜೇಬಿಗೆ, ಅಂದರೆ ತಮ್ಮದೇ ಜೇಬಿಗೆ, ಮೆಲ್ಲಗೆ ಇಳಿಸಿದರು. ಅಷ್ಟರಲ್ಲಿ ಗುಮಾಸ್ತರು ಎಣಿಸಲು ಬಂದರು.

"ಮೂರು, ಒಂದು ನಾಲ್ಕು... ಎರಡು... ಒಂದು... ಮೂವತ್ತೆರಡು. ಮೂವತ್ತೊಂಬತ್ತು? ಒಂದು ಹೆಚ್ಚಿಗೆ ಬಂತಲ್ಲ!" ಹುಡುಕಿ, ಹೆಸರು ಓದಿ, ಚೀಟಿಯನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟರು. "ಇದು ಸೇರಲ್ಲ ಮೇಷ್ಟ್ರೇ. ನಿಮ್ಮದು ನಾಲ್ಕು ಗಂಟೆಗೇ ಮುಗೀತು. ಹೊರಗಿನವರ ಬೇಜಾರು ನಮ್ಮ ಲೆಕ್ಕಕ್ಕೆ ಬರಲ್ಲ."

"ಶೇಷ," ಎಂದರು ಮೇಷ್ಟ್ರು.

ಚೀಟಿಯನ್ನು ಅಭ್ಯಾಸಬಲದಿಂದ ಎದೆಯ ಹತ್ತಿರ ಒಯ್ದರು. ಅಲ್ಲೇನಿತ್ತು? ಮಾಸಿದ ಅಂಗಿಯ ಮೇಲೆ, ಹತ್ತು ವರ್ಷ ಬಿಸಿಲು ಕಾಣದ ಒಂದು ಚೌಕ ಮಾತ್ರ ಹೊಸ ಬಟ್ಟೆಯ ಹಾಗೆ ಹೊಳೆಯುತ್ತಿತ್ತು. ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ನಡೆದರು.

ಬಾಗಿಲಲ್ಲಿ ಮಾವ ನಿಂತಿದ್ದರು, ಅವರ ಹಿಂದೆ ಹೆಂಡತಿ.

"ಅಳಿಯಂದಿರೇ, ಆಯ್ತಾ?"

"ಆಯ್ತು ಮಾವ."

ಮಾವನ ಕೈಯಿಂದ ಪೇಪರು ಜಾರಿತು. "ಖಾಯಂ?"

"ಖಾಯಂ. ರಿಜಿಸ್ಟರಲ್ಲಿ ಬರೆದು ಸಾಹೇಬರೇ ಸೈನ್ ಹಾಕಿದ್ರು."

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಮುಖ ಅರಳುತ್ತಿದ್ದ ಹಾಗೆಯೇ ಅವಳ ಕಣ್ಣು ಗಂಡನ ಎದೆಯ ಮೇಲೆ ಬಿತ್ತು.

"ರೀ, ಜೇಬೆಲ್ಲಿ?"

"ಖಾಯಂ ಆಗಿದ್ದು ಅದೇ ಕಣೇ," ಎಂದರು ಹಂಗಾಮಿ ಮೇಷ್ಟ್ರು.